ಹುಡುಗನ ತೂಕ, ಮನೆಯವರ ಬೈಗುಳ: ಹೊಣೆ ಯಾರದು?

ಮಕ್ಕಳ ತೂಕದ ವಿಷಯಕ್ಕೆ ನನ್ನ ಹತ್ತಿರ ಬರುವವರು ಹೆಚ್ಚುಕಡಿಮೆ ಒಂದೇ ಮಾತು ಹೇಳುತ್ತಾರೆ. ‘ಇವನಿಗೆ ಬಾಯಿ ಕಟ್ಟೋಕೆ ಆಗಲ್ಲ, ನೀವೇ ಸ್ವಲ್ಪ ಬುದ್ಧಿ ಹೇಳಿ.’ ಹಾಸನದ ಈ ಮನೆಯವರು ಹೇಳಿದ್ದೂ ಅದನ್ನೇ. ಹುಡುಗನಿಗೆ 13 ವರ್ಷ, ಎಂಟನೇ ಕ್ಲಾಸು. ಎತ್ತರ 154 ಸೆಂಟಿಮೀಟರ್, ತೂಕ 68 ಕಿಲೋ. ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ, ಮನೆಯವರು ಒಪ್ಪಿದ ಮೇಲೇ ಬರೆಯುತ್ತಿದ್ದೇನೆ.

ಅವರು ಬಂದಿದ್ದು ತೂಕ ಜಾಸ್ತಿ ಆಯಿತು ಅಂತಲೂ ಅಲ್ಲ. ಬೀರು ಜರುಗಿಸಿ ಕಸ ಗುಡಿಸುವಾಗ ಹಿಂದುಗಡೆ ಬಿಸ್ಕತ್ತಿನ ಖಾಲಿ ಪ್ಯಾಕೆಟ್‌ಗಳು ಸಿಕ್ಕವು. ಕೇಳಿದ್ದಕ್ಕೆ ಹುಡುಗ ನಾನಲ್ಲ ಅಂದ. ಅಪ್ಪ ಎರಡೇಟು ಹಾಕಿದರು. ಮಾರನೇ ದಿನ ಸ್ಕೂಲಿಗೆ ಹೋಗಲ್ಲ ಅಂತ ಕೂತುಬಿಟ್ಟ.

ನನ್ನ ಎದುರಿಗೆ ಕೂತಷ್ಟು ಹೊತ್ತೂ ಸ್ಕೂಲ್ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಿದ್ದ. ಹೊಟ್ಟೆ ಕಾಣಬಾರದು ಅಂತ. ಕೆಳಗಿಡು ಅಂತ ಅಮ್ಮ ಹೇಳಿದರು, ಇಡಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಅಪ್ಪ ಗೂಡ್ಸ್ ಗಾಡಿ ಇಟ್ಟುಕೊಂಡಿದ್ದಾರೆ, ಮನೆಗೆ ಬರುವುದು ರಾತ್ರಿ ಒಂಬತ್ತರ ಮೇಲೆ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಅಪ್ಪನ ತಾಯಿ ಜೊತೆಗಿದ್ದಾರೆ, ಅವರಿಗೆ ಸಕ್ಕರೆ ಕಾಯಿಲೆ ಇದೆ. ಒಬ್ಬೊಬ್ಬರನ್ನೇ ಕೇಳುತ್ತಾ ಹೋದೆ. ಬಾಯಿಚಪಲ ಅಂದರು ಅಪ್ಪ. ‘ಅತ್ತೆ ಕದ್ದುಮುಚ್ಚಿ ತಿನ್ನೋಕೆ ಕೊಡ್ತಾರೆ’ ಅಂದರು ಅಮ್ಮ. ‘ಬೆಳೆಯೋ ಹುಡುಗ ಕಣಮ್ಮ, ಈಗ ತಿನ್ನದೆ ಯಾವಾಗ ತಿಂತಾನೆ, ಇವಳು ದುಡ್ಡು ಕೊಟ್ಟು ಕಳಿಸ್ತಾಳಲ್ಲ ಅದರಿಂದ ಆಗಿದ್ದು’ ಅಂದರು ಅಜ್ಜಿ. ಹುಡುಗ ಮಾತ್ರ ಯಾರನ್ನೂ ದೂರಲಿಲ್ಲ. ‘ನನ್ನದೇ ತಪ್ಪು’ ಅಂದ. ನನಗೆ ಜಾಸ್ತಿ ಸಂಕಟವಾಗಿದ್ದು ಆ ಮಾತಿಗೆ.

ಇನ್ನೊಂದು ವಿಷಯ ಅಲ್ಲೇ ಗೊತ್ತಾಯಿತು. ಅವನ ಕತ್ತಿನ ಹಿಂಭಾಗ ಕಪ್ಪಗೆ, ಮಖಮಲ್ಲಿನ ಹಾಗೆ ದಪ್ಪಗಾಗಿತ್ತು. ಅಮ್ಮ ಅದನ್ನು ಕೊಳೆ ಅಂದುಕೊಂಡು ಕಡ್ಲೆಹಿಟ್ಟು ಹಾಕಿ ಉಜ್ಜುತ್ತಿದ್ದರಂತೆ. ಉಜ್ಜಿ ಉಜ್ಜಿ ಚರ್ಮ ಕೆಂಪಾಗಿತ್ತು. ಅದು ಕೊಳೆ ಅಲ್ಲ. ಇನ್ಸುಲಿನ್ ಇದ್ದರೂ ಮೈ ಅದಕ್ಕೆ ಸರಿಯಾಗಿ ಸ್ಪಂದಿಸದೆ ಇದ್ದಾಗ ಕತ್ತು, ಕಂಕುಳಲ್ಲಿ ಚರ್ಮ ಹೀಗಾಗುತ್ತದೆ. ಎಷ್ಟು ಉಜ್ಜಿದರೂ ಹೋಗಲ್ಲ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಮೊದಲು ಮಕ್ಕಳ ಡಾಕ್ಟರ ಹತ್ತಿರ ಕಳಿಸಿದೆ. ಥೈರಾಯ್ಡ್ ಸರಿ ಇತ್ತು. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ರಕ್ತ ಪರೀಕ್ಷೆ, ಎಚ್‌ಬಿಎ1ಸಿ, 5.9 ಬಂತು. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಮನೆಯವರ ಗಲಾಟೆ ಸ್ವಲ್ಪ ತಣ್ಣಗಾಗಿದ್ದು ಆ ರಿಪೋರ್ಟ್ ನೋಡಿದ ಮೇಲೆ.

ಹುಡುಗನಿಗೆ ಒಂದು ಕೆಲಸ ಕೊಟ್ಟೆ. ಒಂದು ವಾರ ಏನು ತಿಂದೆ, ಎಲ್ಲಿ ತಿಂದೆ, ಯಾರು ಕೊಟ್ಟರು ಅಂತ ಬರೆದುಕೊಂಡು ಬಾ, ಎಷ್ಟು ಅಂತ ಬರೆಯೋದು ಬೇಡ, ನಾನು ಬೈಯೋಕೆ ಕೇಳುತ್ತಿಲ್ಲ ಅಂದೆ. ಚೌಕದ ಗಣಿತ ಪುಸ್ತಕದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ತುಂಬಾ ಅಚ್ಚುಕಟ್ಟಾಗಿ ಬರೆದು ತಂದಿದ್ದ. ಮಂಗಳವಾರ, 4.45, ಎಗ್ ಪಫ್ಸ್ ಮತ್ತು ಕೂಲ್ ಡ್ರಿಂಕ್ಸ್, ಟ್ಯೂಷನ್ ಹತ್ತಿರ, ಅಮ್ಮನ ದುಡ್ಡು. ಅದೇ ದಿನ, 7.30, ಕಜ್ಜಾಯ, ಅಜ್ಜಿ. ರಾತ್ರಿ 9.30, ಕಬಾಬ್, ಅಪ್ಪ ತರಿಸಿದ್ದು. ತರಲು ಹೋಗಿದ್ದು ಇವನೇ. ರಾತ್ರಿ 11, ಬಿಸ್ಕತ್ತು, ಅಡುಗೆಮನೆ, ನಾನೇ. ‘ನಾನೇ’ ಅಂತ ಬಂದ ಕಡೆಯೆಲ್ಲ ಕೆಂಪು ಪೆನ್ನಲ್ಲಿ ಅಡಿಗೆರೆ ಹಾಕಿದ್ದ. ಇಡೀ ವಾರದಲ್ಲಿ ಅಂಥವು ಕೆಲವೇ ಕೆಲವು.

ಮಧ್ಯಾಹ್ನದ ಸಾಲು ಮಾತ್ರ ಬಹುತೇಕ ಖಾಲಿ. ಡಬ್ಬಿ ತೆಗೆದರೆ ಹುಡುಗರು ಡುಮ್ಮ ಅಂತ ರೇಗಿಸುತ್ತಾರೆ ಅಂತ ಅರ್ಧ ತಿಂದು ಮುಚ್ಚಿಡುತ್ತಿದ್ದ. ಸ್ಕೂಲು ಬಿಟ್ಟ ಮೇಲೆ ನೇರ ಟ್ಯೂಷನ್, ಅದೂ ವಾರಕ್ಕೆ ಆರು ದಿನ. ಅಷ್ಟು ಹೊತ್ತಿಗೆ ಹಸಿವಿನಿಂದ ಕಂಗಾಲಾದ ಹುಡುಗನ ಜೇಬಲ್ಲಿ 50 ರೂಪಾಯಿ, ಕಣ್ಣೆದುರಿಗೆ ಬೇಕರಿ. ದೊಡ್ಡವರಾದ ನಾವಾದರೂ ಏನು ಮಾಡುತ್ತಿದ್ದೆವು?

ನನಗೆ ಬೇಕರಿಯವರನ್ನು ದೂರುವ ಮನಸ್ಸಿಲ್ಲ. ಬೆಂಗಳೂರಿನಲ್ಲಿ ಅಯ್ಯಂಗಾರ್ ಬೇಕರಿ ಕಟ್ಟಿ ಬೆಳೆಸಿದ ಅನೇಕ ಕುಟುಂಬಗಳು ನಮ್ಮ ಜಿಲ್ಲೆಯಿಂದಲೇ ಹೋದವು, ಖಾರಾ ಬನ್ನು, ದಿಲ್‌ಪಸಂದ್ ಯಾವತ್ತೋ ಒಂದು ದಿನ ತಿಂದರೆ ಯಾರಿಗೂ ಏನೂ ಆಗಲ್ಲ. ಆದರೆ ದಿನಾ ಸಂಜೆ ಅದೇ ಊಟ ಆದರೆ? 250 ಮಿಲಿಯ ಒಂದು ಕೋಲಾದಲ್ಲೇ 25 ಗ್ರಾಂಗಿಂತ ಜಾಸ್ತಿ ಸಕ್ಕರೆ ಇರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಸಲಹೆಯಲ್ಲಿ ಮೇಲಿನಿಂದ ಹಾಕುವ ಸಕ್ಕರೆಗೆ ಇಟ್ಟ ಮಿತಿ ಇಡೀ ದಿನಕ್ಕೇ ಹತ್ತಿರಹತ್ತಿರ ಅಷ್ಟು.

ಈಗ ಹೊಣೆಯ ಮಾತು. ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟು ಮನೆಯವರಿಗೆ ನಾನು ಹೇಳಿದ್ದು ಇಷ್ಟು. ಯಾರ ಕೈಯಲ್ಲಿ ಏನಿದೆಯೋ ಅದರ ಹೊಣೆ ಅವರದು. ದುಡ್ಡು ಅಮ್ಮನ ಕೈಯಲ್ಲಿದೆ, ಸಂಜೆಯ ಅಡುಗೆಮನೆ ಅಜ್ಜಿಯ ಕೈಯಲ್ಲಿದೆ, ರಾತ್ರಿ ಏನು ತರಿಸಬೇಕು ಅನ್ನೋದು ಅಪ್ಪನ ಕೈಯಲ್ಲಿದೆ. ಟ್ಯೂಷನ್ ಎಷ್ಟು ದಿನ ಅಂತ ತೀರ್ಮಾನ ಮಾಡಿದವರು ನೀವು. ಬೈಗುಳ ಮಾತ್ರ ಪೂರ್ತಿ ಇವನ ಪಾಲಿಗೆ. ಇದು ನ್ಯಾಯ ಅಲ್ಲ, ಅಲ್ವಾ?

ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ‘ಮನಸ್ಸು ಗಟ್ಟಿ ಇದ್ರೆ ಎಲ್ಲಾ ಆಗುತ್ತೆ ಮೇಡಂ, ನಮ್ಮ ಕಾಲದಲ್ಲಿ ಯಾರು ಹಿಂಗಿದ್ರು?’ ಅಂದರು. ಈ ಮಾತಿಗೆ ಉತ್ತರ ಕೊಡಲೇಬೇಕಿತ್ತು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕದಲ್ಲಿ 2005-06ರಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ತೂಕ ಜಾಸ್ತಿ ಇದ್ದವರು ಶೇಕಡ 12.6. 2019-21ರ ಹೊತ್ತಿಗೆ ಅದು 24 ಆಯಿತು. ಗಂಡಸರಲ್ಲಿ 9.3 ಇದ್ದದ್ದು ಸುಮಾರು 23ಕ್ಕೆ ಹೋಯಿತು. ಇಷ್ಟು ವರ್ಷದಲ್ಲಿ ಇಡೀ ದೇಶದ ಜನರ ಮನಸ್ಸು ಒಟ್ಟಿಗೆ ಮೆತ್ತಗಾಯಿತು ಅನ್ನೋದನ್ನು ನಂಬೋಕೆ ಆಗುತ್ತಾ? ಬದಲಾಗಿದ್ದು ಅಂಗಡಿ, ದುಡಿಮೆ, ಓಡಾಟ, ನಿದ್ದೆ. ಇದಲ್ಲದೆ ತೂಕ ಸುಮಾರು ಮಟ್ಟಿಗೆ ವಂಶದಿಂದಲೂ ಬರುತ್ತದೆ. ಒಂದೇ ತಟ್ಟೆಯಲ್ಲಿ ಉಂಡ ಇಬ್ಬರು ಮಕ್ಕಳ ಮೈ ಒಂದೇ ಥರ ಇರಲ್ಲ.

ಹಾಗಂತ ಎಲ್ಲವನ್ನೂ ಕಾಲದ ಮೇಲೆ, ಕಂಪನಿಗಳ ಮೇಲೆ ಹಾಕಿ ಕೈ ತೊಳೆದುಕೊಂಡರೂ ನಡೆಯಲ್ಲ. ಎಲಿನ್ ಸ್ಯಾಟರ್ ಅನ್ನುವ ಅಮೆರಿಕದ ಆಹಾರ ತಜ್ಞೆ ಹೇಳಿದ ಒಂದು ಹಂಚಿಕೆ ನನಗೆ ತುಂಬಾ ಉಪಯೋಗಕ್ಕೆ ಬಂದಿದೆ. ಏನು ಬಡಿಸಬೇಕು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಕೆಲಸ. ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ ಅನ್ನೋದು ಮಗುವಿನ ಕೆಲಸ. ನಮ್ಮ ಮನೆಗಳಲ್ಲಿ ಇದು ತಲೆಕೆಳಗು. ಏನು ತಿನ್ನಬೇಕು ಅಂತ ಮಗು 50 ರೂಪಾಯಿ ಹಿಡಿದು ತೀರ್ಮಾನ ಮಾಡುತ್ತದೆ, ಎಷ್ಟು ಅಂತ ನಾವು ‘ಇನ್ನೊಂದು ಹಾಕಿಸ್ಕೋ’ ಅಂತಲೋ ‘ಸಾಕು ಏಳು’ ಅಂತಲೋ ತಟ್ಟೆಯ ಮುಂದೆ ನಿಂತು ಹೇಳುತ್ತೇವೆ.

ಅಮ್ಮನಿಗೆ ಹೇಳಿದ್ದು ಹೆಚ್ಚೇನಿಲ್ಲ, ಅವರು ಆಗಲೇ ತಪ್ಪಿತಸ್ಥ ಭಾವದಲ್ಲಿ ಕುಗ್ಗಿಹೋಗಿದ್ದರು. ಬೆಳಗ್ಗೆ ಎರಡನೇ ಡಬ್ಬಿ ಒಂದು ಕಟ್ಟಿ. ಬೇಯಿಸಿದ ಕಡಲೆಕಾಯಿ, ಹೆಸರುಕಾಳು ಉಸಲಿ, ಇಲ್ಲ ರಾತ್ರಿ ಮಿಕ್ಕ ಅಕ್ಕಿ ರೊಟ್ಟಿ, ಜೊತೆಗೆ ಒಂದು ಬಾಳೆಹಣ್ಣು. ದುಡ್ಡು ದಿನಾ ಬೇಡ. ಶನಿವಾರ ಎಲ್ಲರೂ ಸೇರಿ ಬೇಕರಿಗೆ ಹೋಗಿ, ಎದುರಿಗೇ ತಿನ್ನಲಿ, ಆಗ ಬಚ್ಚಿಡೋ ಪ್ರಮೇಯ ಬರಲ್ಲ. ಕತ್ತು ಉಜ್ಜುವುದು ಇವತ್ತಿಗೇ ನಿಲ್ಲಲಿ.

ಅಜ್ಜಿಯ ಹತ್ತಿರ ಜಾಸ್ತಿ ಹೊತ್ತು ಕೂತೆ. ಪ್ರೀತಿ ತೋರಿಸೋಕೆ ಅವರಿಗೆ ಗೊತ್ತಿದ್ದ ದಾರಿ ಒಂದೇ, ತಿನ್ನಿಸೋದು. ಅದನ್ನು ಬಿಡಿ ಅಂದರೆ ಅವರಿಗೆ ಮನೆಯಲ್ಲಿ ಏನು ಉಳಿಯುತ್ತದೆ? ಹಾಗಾಗಿ ಬಿಡಿ ಅನ್ನಲಿಲ್ಲ. ರಾಗಿ ಮುದ್ದೆ, ಬಸ್ಸಾರು, ಹುರುಳಿಕಾಳು ಸಾರು ಮಾಡೋದು ಆ ಮನೆಯಲ್ಲಿ ಚೆನ್ನಾಗಿ ಬರುವುದು ಅವರಿಗೇ. ಮೊಮ್ಮಗನನ್ನು ಕರೆದುಕೊಂಡು ನಡೆದೇ ಕಟ್ಟಿನಕೆರೆ ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತನ್ನಿ, ಬಿಡಿಸೋಕೆ ಅವನನ್ನೂ ಕೂರಿಸಿಕೊಳ್ಳಿ, ಕಜ್ಜಾಯ ಹಬ್ಬಕ್ಕೆ ಇರಲಿ ಅಂದೆ. ಅವರ ಸಕ್ಕರೆಗೂ ನಡಿಗೆ ಒಳ್ಳೆಯದೇ.

ಅಪ್ಪನಿಗೆ ಹೇಳಿದ್ದು ಕಟುವಾಗಿಯೇ. ಹೊಡೆಯೋದು ಪೂರ್ತಿ ನಿಲ್ಲಬೇಕು. ಡುಮ್ಮ, ಕುಂಬಳಕಾಯಿ ಅನ್ನೋ ಮಾತು ಮನೆಯಲ್ಲಿ ಯಾರ ಬಾಯಲ್ಲೂ ಬರಬಾರದು, ಚಿಕ್ಕಪ್ಪನ ಮಗನ ಜೊತೆ ಹೋಲಿಕೆ ಬೇಡ. ಮನೆಯವರೇ ಹೀಗಳೆದರೆ ಮಕ್ಕಳು ತೆಳ್ಳಗಾಗಲ್ಲ, ಕದ್ದು ತಿನ್ನೋದು ಕಲಿಯುತ್ತಾರೆ, ಮೈದಾನಕ್ಕೆ ಇಳಿಯೋಕೆ ನಾಚುತ್ತಾರೆ. ರಾತ್ರಿ ಮಗನನ್ನು ಕಬಾಬ್ ತರೋಕೆ ಕಳಿಸೋದು ಬೇಡ. ಟ್ಯೂಷನ್ ಮೂರು ದಿನಕ್ಕೆ ಇಳಿಸಿ, ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿರೋ ಸೈಕಲ್ ರಿಪೇರಿ ಮಾಡಿಸಿ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೈ ಬಗ್ಗಬೇಕು.

ಹುಡುಗನ ಪಾಲಿಗೂ ಹೊಣೆ ಇಟ್ಟೆ, ಇಡದಿದ್ದರೆ ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳದ ಹಾಗೆ ಆಗುತ್ತಿತ್ತು. ಹಸಿವಾದರೆ ಬಾಯಿಬಿಟ್ಟು ಹೇಳಬೇಕು. ಮಧ್ಯಾಹ್ನದ ಡಬ್ಬಿಯನ್ನು ನಾಚಿಕೊಂಡು ಅರ್ಧಕ್ಕೇ ಮುಚ್ಚಿಡಬಾರದು, ಜೊತೆಗೆ ಕೂರೋಕೆ ಒಬ್ಬ ಗೆಳೆಯನನ್ನು ಅವನೇ ಆರಿಸಿಕೊಂಡ. ಹತ್ತಕ್ಕೆ ಮೊಬೈಲ್ ಹಾಲ್‌ನಲ್ಲಿಟ್ಟು ಮಲಗಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚುತ್ತದೆ ಅನ್ನೋದು ಅವನಿಗೆ ಹೊಸ ಸುದ್ದಿ. ತೂಕದ ಮಿಷನ್ ಮನೆಯಲ್ಲಿ ಬೇಡ, ಅದನ್ನು ಡಾಕ್ಟರ್ ನೋಡಿಕೊಳ್ಳುತ್ತಾರೆ.

ಮನೆಯ ಆಚೆಗೂ ಒಂದು ಪಾಲಿದೆ. ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿಂಡಿಯನ್ನು ಸ್ಕೂಲ್ ಒಳಗೆ, ಗೇಟಿನಿಂದ 50 ಮೀಟರ್ ಒಳಗೆ ಮಾರುವ ಹಾಗಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2020ರಿಂದ ಇದೆ. ಬ್ರಿಟನ್ನಿನಲ್ಲಿ 2018ರಲ್ಲಿ ತಂಪು ಪಾನೀಯದ ಸಕ್ಕರೆಗೆ ತೆರಿಗೆ ಹಾಕಿದಾಗ ಕಂಪನಿಗಳು ತಾವಾಗಿಯೇ ಬಾಟಲಿಯೊಳಗಿನ ಸಕ್ಕರೆ ಇಳಿಸಿದವು. ಚಿಲಿ ದೇಶದಲ್ಲಿ 2016ರಿಂದ ಇಂಥ ಪ್ಯಾಕೆಟ್‌ಗಳ ಮುಂಭಾಗದಲ್ಲೇ ಕಪ್ಪು ಎಚ್ಚರಿಕೆ ಗುರುತು ಇರುತ್ತದೆ, ಓದು ಬಾರದ ಅಜ್ಜಿಗೂ ಅರ್ಥವಾಗುವ ಹಾಗೆ. ಪೋಷಕರ ಸಭೆಯಲ್ಲಿ 50 ಮೀಟರ್ ನಿಯಮವನ್ನು ಎತ್ತಿ, ಪಿಟಿ ಪಿರಿಯಡ್ ಗಣಿತಕ್ಕೆ ಹೋಗುತ್ತಿರೋದನ್ನೂ ಕೇಳಿ ಅಂತ ಅಮ್ಮನಿಗೆ ಹೇಳಿದೆ. ಕೇಳಿದರು. ಪಿಟಿ ವಾಪಸ್ ಬಂತು. ಗೇಟಿನ ಎದುರಿನ ಅಂಗಡಿ ಹಾಗೇ ಇದೆ.

ಆರು ತಿಂಗಳಾದ ಮೇಲೆ ತೂಕ ಅಷ್ಟೇ ಇದೆ, ಎತ್ತರ ಮೂರು ಸೆಂಟಿಮೀಟರ್ ಹೆಚ್ಚಿದೆ. ಬೆಳೆಯುವ ಮಗುವಿಗೆ ಅದು ಒಳ್ಳೆಯ ದಿಕ್ಕು, ತೂಕ ಇಳಿಯಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಕಿಲ್ಲ. ಎಚ್‌ಬಿಎ1ಸಿ 5.6 ಆಗಿದೆ. ಕತ್ತಿನ ಕಪ್ಪು ಪೂರ್ತಿ ಹೋಗಿಲ್ಲ, ಅದಕ್ಕೆ ಸಮಯ ಬೇಕು. ಸ್ಕೂಲಿಗೆ ಹೋಗುತ್ತಿದ್ದಾನೆ. ಬೀರುವಿನ ಹಿಂದೆ ಏನೂ ಸಿಗುತ್ತಿಲ್ಲವಂತೆ. ಅಪ್ಪ ನಡುವೆ ಒಮ್ಮೆ ಮತ್ತೆ ರೇಗಿದರು, ಅವತ್ತು ರಾತ್ರಿ ಹುಡುಗ ಊಟ ಮಾಡಲಿಲ್ಲ, ಮಾರನೇ ದಿನ ಅವರೇ ಫೋನ್ ಮಾಡಿ ಹೇಳಿದರು. ಅವರ ಹೊಟ್ಟೆಯೂ ಮುಂದೆ ಬಂದಿದೆ, ತಾಯಿಗೆ ಸಕ್ಕರೆ ಕಾಯಿಲೆ ಬೇರೆ ಇದೆ. ಇಲ್ಲಿಯವರೆಗೆ ಒಂದು ಸಲವೂ ರಕ್ತ ಪರೀಕ್ಷೆ ಮಾಡಿಸಿಲ್ಲ. ಮುಂದಿನ ಸಲ ಬರುವಾಗ ಮಗನ ರಿಪೋರ್ಟಿನ ಜೊತೆ ಅವರದ್ದೂ ತರಬೇಕು ಅಂತ ಹೇಳಿ ಕಳಿಸಿದ್ದೇನೆ.