ಫಿಸಿಕ್ಸ್ ತಲೆಗೆ ಹೋಗಲ್ಲ, ಬಿಎಸ್ಸಿ ಮ್ಯಾಥ್ಸ್‌ನ ಮೆಕ್ಯಾನಿಕ್ಸ್ ಪೇಪರ್‌ಗೆ ಹೆಂಗೆ ರಿವಿಷನ್ ಮಾಡೋದು?

ನೀವು ಕೇಳಿರೋದು ಇಷ್ಟು: ಮೆಕ್ಯಾನಿಕ್ಸ್ ಪೇಪರ್‌ಗೆ ಮೂರು ವಾರ ಇದೆ, ಕ್ಯಾಲ್ಕುಲಸ್ಸು ಡಿಫರೆನ್ಷಿಯಲ್ ಈಕ್ವೇಷನ್ನು ಎಲ್ಲ ಬರುತ್ತೆ, ಆದ್ರೆ ಪಿಯುಸಿಲಿ ಫಿಸಿಕ್ಸ್ ಹೆಂಗೋ ಪಾಸಾಗಿದ್ದು, ಈಗ ಆ ಪಿಯುಸಿ ಪುಸ್ತಕ ಪೂರ್ತಿ ಮತ್ತೆ ಓದ್ಬೇಕಾ ಅಂತ. ಬೇಡ ಮಾರಾಯ್ರೆ, ಮೂರು ವಾರ ಅದಕ್ಕೇ ಹೋಗುತ್ತೆ. ನಾನು ಗೋಣಿಕೊಪ್ಪದಲ್ಲಿ ಡಿಗ್ರಿ ಮಕ್ಕಳಿಗೆ ಮ್ಯಾಥ್ಸ್ ಟ್ಯೂಷನ್ ಹೇಳ್ತೀನಿ, ಫಿಸಿಕ್ಸ್ ಇಲ್ಲದೆ ಮ್ಯಾಥ್ಸು ಕಂಪ್ಯೂಟರ್ ಸೈನ್ಸ್ ಕಾಂಬಿನೇಷನ್ ತಗೊಂಡು ಬರೋರು ಎಲ್ಲರೂ ಇದೇ ಕೇಳೋದು.

ಈ ಪೇಪರಲ್ಲಿ ಫಿಸಿಕ್ಸ್ ಅಂತ ಇರೋದು ಲೆಕ್ಕದ ಮೊದಲ ನಾಲ್ಕೈದು ಸಾಲು ಮಾತ್ರ. ಯಾವ ವಸ್ತು ಬಗ್ಗೆ ಮಾತಾಡ್ತಿದೀವಿ, ಅದರ ಮೇಲೆ ಯಾವ್ಯಾವ ಫೋರ್ಸ್ ಇದೆ, ಯಾವ ದಿಕ್ಕನ್ನ ಪ್ಲಸ್ ಅಂತ ತಗೋತೀವಿ, ಆ ದಿಕ್ಕಲ್ಲಿ ಒಟ್ಟು ಫೋರ್ಸ್ ಮಾಸ್ ಇಂಟು ಆಕ್ಸಿಲರೇಷನ್‌ಗೆ ಸಮ ಅಂತ ಬರಿಯೋದು, ಅಷ್ಟೇ. ಆಮೇಲೆ ಬರೋದೆಲ್ಲ ನಿಮಗೆ ಬರೋ ಮ್ಯಾಥ್ಸೇ. ಮಕ್ಕಳು ಸಿಕ್ಕಾಕೊಳ್ಳೋದು ಆ ನಾಲ್ಕೈದು ಸಾಲಲ್ಲಿ, ಆದ್ರೆ ಪ್ರ್ಯಾಕ್ಟೀಸ್ ಮಾಡೋದು ಮಿಕ್ಕ ಇಪ್ಪತ್ತು ಸಾಲು, ಯಾಕಂದ್ರೆ ಅದು ಬರುತ್ತೆ, ಬರೋದನ್ನ ಮಾಡಿದ್ರೆ ಓದಿದ ಹಾಗೆ ಅನಿಸುತ್ತೆ.

ಅದಕ್ಕೆ ಮೊದಲ ವಾರ ಒಂದು ಕೆಲಸ ಮಾಡಿ. ಹಳೇ ಕ್ವೆಶ್ಚನ್ ಪೇಪರ್ ಎಷ್ಟು ಸಿಗುತ್ತೋ ಅಷ್ಟು ತಗೊಂಡು, ಒಂದೊಂದು ಲೆಕ್ಕಕ್ಕೂ ಫಿಗರ್ ಹಾಕಿ ಫೋರ್ಸ್ ಗುರುತಿಸಿ ಈಕ್ವೇಷನ್ ಬರೆದು ನಿಲ್ಲಿಸಿಬಿಡಿ, ಸಾಲ್ವ್ ಮಾಡ್ಬೇಡಿ. ಕೈ ತುರಿಸುತ್ತೆ, ಆದ್ರೂ ಬೇಡ. ಒಂದು ಪೂರ್ತಿ ಲೆಕ್ಕ ಬಿಡಿಸೋ ಹೊತ್ತಿಗೆ ನಾಲ್ಕು ಲೆಕ್ಕ ಸೆಟಪ್ ಮಾಡ್ಬಹುದು, ನಿಮಗೆ ಬೇಕಿರೋ ಅಭ್ಯಾಸ ಅದೇ. ಆಮೇಲೆ ಬರೆದ ಈಕ್ವೇಷನ್ನನ್ನ ಪುಸ್ತಕದ ಜೊತೆ ತಾಳೆ ನೋಡಿ, ಎಲ್ಲಿ ಫೋರ್ಸ್ ಬಿಟ್ಟಿದೀರಿ, ಎಲ್ಲಿ ಇಲ್ಲದೇ ಇರೋದನ್ನ ಸೇರಿಸಿದೀರಿ ಅಂತ ಒಂದು ಹಾಳೆಲಿ ಬರ್ಕೊಳ್ಳಿ. ಯೂಟ್ಯೂಬಲ್ಲಿ ಬೇರೆಯವರು ಬಿಡಿಸೋದು ನೋಡ್ಕೊಂಡು ಕೂತ್ರೆ ಇದು ಬರಲ್ಲ. ನೀವು ಸೋಮವಾರಪೇಟೆ ಕಡೆ ಅಂತ ಬರೆದಿದೀರಿ, ಮಳೆ ಹಿಡಿದ್ರೆ ಕರೆಂಟು ನೆಟ್‌ವರ್ಕು ಎರಡೂ ಹೋಗುತ್ತೆ, ಹಾಗಾಗಿ ಕ್ವೆಶ್ಚನ್ ಪೇಪರ್ ಮೊದಲೇ ಪ್ರಿಂಟ್ ತೆಗೆಸಿ ಇಟ್ಕೊಳ್ಳಿ.

ಲೆಕ್ಕದಲ್ಲಿ ಕೆಲವು ಪದ ಸುಮ್ನೆ ಬಂದಿರಲ್ಲ, ಒಂದೊಂದಕ್ಕೂ ಒಂದು ಈಕ್ವೇಷನ್ ಇದೆ. ಸ್ಮೂತ್ ಅಂದ್ರೆ ಫ್ರಿಕ್ಷನ್ ಇಲ್ಲ, ರಿಯಾಕ್ಷನ್ (ಮೇಲ್ಮೈ ವಾಪಸ್ ತಳ್ಳೋ ಫೋರ್ಸ್) ಆ ಮೇಲ್ಮೈಗೆ ಲಂಬವಾಗೇ ಇರುತ್ತೆ. ಹಗ್ಗ ಲೈಟ್, ಪುಲ್ಲಿ ಸ್ಮೂತ್ ಅಂದ್ರೆ ಎರಡೂ ಕಡೆ ಟೆನ್ಷನ್ ಒಂದೇ. ಹಗ್ಗ ಇನ್‌ಎಕ್ಸ್‌ಟೆನ್ಸಿಬಲ್, ಅಂದ್ರೆ ಹಿಗ್ಗಲ್ಲ ಅಂದ್ರೆ, ಎರಡೂ ತೂಕದ ಆಕ್ಸಿಲರೇಷನ್ ಅಳತೆಲಿ ಒಂದೇ. ಯೂನಿಫಾರ್ಮ್ ರಾಡ್ ಅಂದ್ರೆ ತೂಕ ಸರಿ ಮಧ್ಯದಲ್ಲಿ. ಪುಲ್ಲಿ ಲೆಕ್ಕ ತಗೊಳ್ಳಿ, ಒಂದು ಕಡೆ 3 ಕೆಜಿ ಒಂದು ಕಡೆ 2 ಕೆಜಿ, ಎರಡು ತೂಕಕ್ಕೆ ಎರಡು ಈಕ್ವೇಷನ್ ಬರೆದು ಕೂಡಿಸಿದ್ರೆ ಆಕ್ಸಿಲರೇಷನ್ ಜಿ ಬೈ 5 (ಜಿ ಅಂದ್ರೆ ಗುರುತ್ವದ ಆಕ್ಸಿಲರೇಷನ್, 9.8), ಅಂದ್ರೆ 1.96, ಟೆನ್ಷನ್ 23.52 ನ್ಯೂಟನ್. ಈ ಟೆನ್ಷನ್ ಎರಡು ತೂಕದ ನಡುವೆ, ಅಂದ್ರೆ 19.6 ಮತ್ತು 29.4ರ ಮಧ್ಯೆ ಇರ್ಲೇಬೇಕು, ಇಲ್ಲಾಂದ್ರೆ ಭಾರದ್ದು ಕೆಳಗೆ ಹಗುರದ್ದು ಮೇಲೆ ಹೋಗೋ ಹಾಗೇ ಇಲ್ಲ. ಇಂಥ ಚೆಕ್ಕು ಎರಡು ಸೆಕೆಂಡಲ್ಲಿ ಆಗುತ್ತೆ, ಯಾರೂ ಮಾಡಲ್ಲ.

ಫ್ರಿಕ್ಷನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ಮಾರ್ಕ್ಸ್ ಜಾಸ್ತಿ ಹೋಗೋದು ಅಲ್ಲೇ. ಎಲ್ಲರೂ ಕಣ್ಣು ಮುಚ್ಚಿ ಫ್ರಿಕ್ಷನ್ ಅಂದ್ರೆ ಮ್ಯೂ ಇಂಟು ಆರ್ ಅಂತ ಬರೀತಾರೆ (ಮ್ಯೂ ಅಂದ್ರೆ ಮೇಲ್ಮೈ ಎಷ್ಟು ರಫ್ ಅನ್ನೋ ಸಂಖ್ಯೆ, ಆರ್ ಅಂದ್ರೆ ರಿಯಾಕ್ಷನ್). ಅದು ಮ್ಯಾಕ್ಸಿಮಮ್ಮು, ಜಾರೋ ಅಂಚಲ್ಲಿ ಇದ್ದಾಗ ಇಲ್ಲಾ ಜಾರ್ತಾ ಇದ್ದಾಗ ಮಾತ್ರ ಸರಿ. ಮ್ಯೂ 0.4 ಇರೋ ನೆಲದ ಮೇಲೆ 5 ಕೆಜಿ ಪೆಟ್ಟಿಗೆ ಇದೆ, ಮ್ಯಾಕ್ಸಿಮಮ್ 19.6 ನ್ಯೂಟನ್. ನೀವು 10 ನ್ಯೂಟನ್ನಲ್ಲಿ ತಳ್ಳಿದ್ರೆ ಫ್ರಿಕ್ಷನ್ 10, ಅಷ್ಟೇ. 19.6 ಅಂತ ಹಾಕಿದ್ರೆ ನೀವು ಮುಂದಕ್ಕೆ ತಳ್ಳಿದ ಪೆಟ್ಟಿಗೆ ಹಿಂದಕ್ಕೆ ಓಡ್ಬೇಕಾಗುತ್ತೆ! ಇದನ್ನ ಒಂದ್ಸಲ ನಗಾಡ್ಕೊಂಡು ಯೋಚ್ನೆ ಮಾಡಿದ್ರೆ ಇನ್‌ಈಕ್ವಾಲಿಟಿ ಯಾಕೆ ಅಂತ ಮರೆಯಲ್ಲ.

ಇದರ ಮುಂದಿನ ಹಂತ ಏಣಿ ಲೆಕ್ಕ. ಪೇಪರ್ ಪೇಪರಲ್ಲೂ ಬರುತ್ತೆ, ನೋಡಿದ ತಕ್ಷಣ ಬಿಟ್ಟು ಮುಂದೆ ಹೋಗ್ತಾರೆ, ಆದ್ರೆ ಕೊಡಗಿನವರಿಗೆ ಇದು ಕಷ್ಟ ಆಗ್ಲೇಬಾರ್ದು, ಕರಿಮೆಣಸು ಕುಯ್ಯೋವಾಗ ಸಿಲ್ವರ್ ಮರಕ್ಕೆ ಏಣಿ ಒರಗಿಸೋದು ನೋಡಿ ಬೆಳೆದಿರ್ತೀರಿ. ಪುಸ್ತಕದಲ್ಲಿ ಮರದ ಬದಲು ಸ್ಮೂತ್ ಗೋಡೆ ಇರುತ್ತೆ, ನೆಲ ರಫ್. ಫೋರ್ಸ್ ಎಷ್ಟು? ಏಣಿ ತೂಕ ಮಧ್ಯದಲ್ಲಿ, ನೆಲದ ರಿಯಾಕ್ಷನ್ ಮೇಲಕ್ಕೆ, ನೆಲದ ಫ್ರಿಕ್ಷನ್ ಗೋಡೆ ಕಡೆಗೆ, ಗೋಡೆಯ ರಿಯಾಕ್ಷನ್ ಅಡ್ಡಕ್ಕೆ. ನಾಲ್ಕೇ. ಈಗ ಮೊಮೆಂಟ್ (ಫೋರ್ಸ್ ಏಣಿನ ತಿರುಗಿಸೋ ಅಳತೆ, ಫೋರ್ಸ್ ಇಂಟು ಲಂಬ ದೂರ) ಎಲ್ಲಿಂದ ತಗೋಬೇಕು ಅಂದ್ರೆ ಬುಡದಿಂದ, ಯಾಕಂದ್ರೆ ಗೊತ್ತಿಲ್ಲದ ಫೋರ್ಸ್ ಎರಡು ಅಲ್ಲೇ ಸೇರುತ್ತೆ, ಎರಡೂ ಒಟ್ಟಿಗೆ ಹಾರಿಹೋಗುತ್ತೆ. ಏಣಿ ಜಾರೋ ಅಂಚಲ್ಲಿ ಇದ್ರೆ ಬರೋ ಉತ್ತರ, ಟ್ಯಾನ್ ಥೀಟಾ ಈಕ್ವಲ್ ಟು 1 ಬೈ 2 ಮ್ಯೂ, ಥೀಟಾ ಅಂದ್ರೆ ನೆಲಕ್ಕೂ ಏಣಿಗೂ ನಡುವಿನ ಕೋನ. ಮ್ಯೂ ಅರ್ಧ ಅಂದ್ರೆ 45 ಡಿಗ್ರಿ. ಏಣಿಯ ಉದ್ದ ತೂಕ ಎರಡೂ ಉತ್ತರದಲ್ಲಿ ಇಲ್ಲ, ಗಮನಿಸಿ.

ಈಗ ಒಬ್ಬರು ತುದಿಗೆ ಹತ್ತಿದ್ರೆ? ಅವರ ತೂಕ ಏಣಿಗಿಂತ ತುಂಬಾ ಜಾಸ್ತಿ ಅಂತ ತಗೊಂಡ್ರೆ ಟ್ಯಾನ್ ಥೀಟಾ ಹೆಚ್ಚುಕಮ್ಮಿ 1 ಬೈ ಮ್ಯೂ ಆಗುತ್ತೆ, ಅದೇ ಮ್ಯೂಗೆ ಸುಮಾರು 63 ಡಿಗ್ರಿ ಬೇಕು, 45ರಲ್ಲಿ ಇಟ್ಟಿದ್ರೆ ಹತ್ತೋವಾಗ ಅರ್ಧದವರೆಗೂ ಸುಮ್ನಿದ್ದು ಆಮೇಲೆ ಜಾರುತ್ತೆ. ಅದೇ ಇನ್ನೊಬ್ಬರು ಏಣಿಯ ಬುಡದ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತ್ರೆ ಅವರ ತೂಕ ಬುಡದಲ್ಲೇ ಇರೋದ್ರಿಂದ ಮೊಮೆಂಟಿಗೆ ಹೆಚ್ಚುಕಮ್ಮಿ ಏನೂ ಸೇರಲ್ಲ, ಆದ್ರೆ ನೆಲದ ರಿಯಾಕ್ಷನ್ ಜಾಸ್ತಿ ಆಗಿ ಫ್ರಿಕ್ಷನ್ನಿನ ಮಿತಿಯೂ ಜಾಸ್ತಿ ಆಗುತ್ತೆ. ತೋಟದಲ್ಲಿ ಬುಡ ಒತ್ತಿ ಹಿಡ್ಕೊಳ್ಳಿ ಅಂತ ಕೂಗೋದು ಇದಕ್ಕೇ. ಮೂರೂ ಕೇಸ್ ನೀವೇ ಕೂತು ಬರೆದು ನೋಡಿ, ಸ್ಟ್ಯಾಟಿಕ್ಸಲ್ಲಿ ಅರ್ಧ ಭಯ ಹೋಗುತ್ತೆ. ಮೂರೇ ಫೋರ್ಸ್ ಒಂದು ಬಿಂದುವಲ್ಲಿ ಸೇರೋ ಲೆಕ್ಕ ಬಂದ್ರೆ ಲಾಮಿ ಥಿಯರಮ್ (ಒಂದೊಂದು ಫೋರ್ಸೂ ಮಿಕ್ಕೆರಡರ ನಡುವಿನ ಕೋನದ ಸೈನ್‌ಗೆ ಅನುಪಾತದಲ್ಲಿರುತ್ತೆ ಅನ್ನೋದು) ಹಾಕಿ ಮುಗಿಸಿ, ರಿಸಾಲ್ವ್ ಮಾಡ್ತಾ ಕೂರ್ಬೇಡಿ.

ಸರ್ಕ್ಯುಲರ್ ಮೋಷನ್ನಲ್ಲಿ ಒಂದೇ ಎಚ್ಚರಿಕೆ. ಸೆಂಟ್ರಿಪಿಟಲ್ ಫೋರ್ಸ್ ಅಂತ ಬೇರೆ ಬಾಣ ಫಿಗರಲ್ಲಿ ಹಾಕ್ಬೇಡಿ, ಇರೋ ಫೋರ್ಸ್‌ಗಳೆಲ್ಲ ಸೇರಿ ಕೇಂದ್ರದ ಕಡೆಗೆ ಉಳಿಯೋದಕ್ಕೆ ಆ ಹೆಸರು. ಸಂಪಾಜೆ ಘಾಟಿ ತರ ತಿರುವಿನ ಲೆಕ್ಕ ಕೊಟ್ರೆ ರಸ್ತೆ ಒಳಗಡೆಗೆ ಓರೆ ಇದೆ (ಬ್ಯಾಂಕಿಂಗ್ ಅನ್ನೋದು ಇದಕ್ಕೇ), ಫ್ರಿಕ್ಷನ್ ಇಲ್ಲ ಅಂತ ತಗೊಂಡ್ರೆ ತೂಕ ಮತ್ತು ರಸ್ತೆಯ ರಿಯಾಕ್ಷನ್, ಎರಡೇ ಬಾಣ, ಅದರಿಂದಲೇ ಟ್ಯಾನ್ ಥೀಟಾ ಈಕ್ವಲ್ ಟು ವಿ ಸ್ಕ್ವೇರ್ ಬೈ ಆರ್ ಜಿ ಬರುತ್ತೆ, ಇಲ್ಲಿ ಥೀಟಾ ರಸ್ತೆಯ ಓರೆ, ವಿ ವೇಗ, ಆರ್ ತಿರುವಿನ ರೇಡಿಯಸ್. ಗಂಟೆಗೆ 36 ಕಿಮೀ ಅಂದ್ರೆ ಸೆಕೆಂಡಿಗೆ 10 ಮೀಟರ್, ತಿರುವಿನ ರೇಡಿಯಸ್ 40 ಮೀಟರ್ ಇದ್ರೆ ಬ್ಯಾಂಕಿಂಗ್ ಸುಮಾರು 14 ಡಿಗ್ರಿ. ಬಸ್ಸು ಖಾಲಿ ಇದ್ರೂ ಹುತ್ತರಿ ಟೈಮಲ್ಲಿ ತುಂಬಿದ್ರೂ ಅದೇ ಉತ್ತರ, ಮಾಸ್ ಕ್ಯಾನ್ಸಲ್.

ಪ್ರೊಜೆಕ್ಟೈಲು ಬಿಡಿ, ಅದು ಪ್ಯಾರಾಬೋಲಾ ಅಷ್ಟೇ, ನಿಮಗೆ ಬರುತ್ತೆ. ಆಕ್ಸಿಲರೇಷನ್ ಟೈಮ್ ಜೊತೆಗೋ ದೂರದ ಜೊತೆಗೋ ಬದಲಾಗೋ ಲೆಕ್ಕಕ್ಕೆ ಮಾತ್ರ ಆ ವಿ ಈಕ್ವಲ್ ಟು ಯು ಪ್ಲಸ್ ಎಟಿ ಫಾರ್ಮುಲಾ ಹಾಕ್ಬೇಡಿ, ಅದು ಕಾನ್ಸ್‌ಟಂಟ್ ಆಕ್ಸಿಲರೇಷನ್ನಿಗೆ ಮಾತ್ರ. ಅಲ್ಲಿ ಇಂಟಿಗ್ರೇಟ್ ಮಾಡ್ಬೇಕು, ದೂರದ ಜೊತೆ ಬದಲಾದ್ರೆ ವಿ ಡಿವಿ ಬೈ ಡಿಎಕ್ಸ್ ರೂಪ ತಗೊಳ್ಳಿ.

ಇನ್ನು ಫಿಸಿಕ್ಸ್ ಭಯ ಇರೋರು ಮೊದಲು ಬಿಡೋ ಚಾಪ್ಟರ್ ಸೆಂಟ್ರಲ್ ಆರ್ಬಿಟ್ಸು (ಫೋರ್ಸ್ ಯಾವಾಗ್ಲೂ ಒಂದೇ ಬಿಂದುವಿನ ಕಡೆಗಿದ್ದಾಗ ವಸ್ತು ಹೋಗೋ ದಾರಿ), ನನ್ನ ಪ್ರಕಾರ ಅವರು ಮೊದಲು ಓದ್ಬೇಕಾದ್ದೇ ಅದು, ಪೂರ್ತಿ ಪೇಪರಲ್ಲಿ ಫಿಸಿಕ್ಸ್ ಅತಿ ಕಮ್ಮಿ ಇರೋದು ಅಲ್ಲಿ. ಆಕ್ಸಿಲರೇಷನ್ನಿನ ರೇಡಿಯಲ್ (ಕೇಂದ್ರದಿಂದ ವಸ್ತುವಿನ ಕಡೆಗೆ) ಟ್ರಾನ್ಸ್‌ವರ್ಸ್ (ಅದಕ್ಕೆ ಲಂಬವಾಗಿ) ಕಾಂಪೊನೆಂಟ್ಸ್ ಬಾಯಿಪಾಠ ಮಾಡ್ಬೇಡಿ, ಪೊಸಿಷನ್ನನ್ನ ಆರ್ ಇಂಟು ಇ ಟು ದ ಪವರ್ ಐ ಥೀಟಾ ಅಂತ ಬರೆದು ಎರಡು ಸಲ ಡಿಫರೆನ್ಷಿಯೇಟ್ ಮಾಡಿ, ಇ ಟು ದ ಪವರ್ ಐ ಥೀಟಾನ ಕಾಮನ್ ಆಗಿ ಹೊರಗೆ ತೆಗೆದ್ಮೇಲೆ ಉಳಿದದ್ದರ ರಿಯಲ್ ಭಾಗ ರೇಡಿಯಲ್ಲು, ಐ ಜೊತೆ ಇರೋದು ಟ್ರಾನ್ಸ್‌ವರ್ಸ್, ಮುಗೀತು. ಫೋರ್ಸ್ ಕೇಂದ್ರದ ಕಡೆಗೇ ಇದ್ರೆ ಟ್ರಾನ್ಸ್‌ವರ್ಸ್ ಸೊನ್ನೆ, ಅದರಿಂದ ಆರ್ ಸ್ಕ್ವೇರ್ ಇಂಟು ಥೀಟಾ ಡಾಟ್ ಕಾನ್ಸ್‌ಟಂಟ್, ಕೆಪ್ಲರ್ 1609ರಲ್ಲಿ ಹೇಳಿದ ಸಮಾನ ಕಾಲಕ್ಕೆ ಸಮಾನ ವಿಸ್ತೀರ್ಣ ಅನ್ನೋದು ಇದೇ. ಆಮೇಲೆ 1 ಬೈ ಆರ್ ಅನ್ನೋದನ್ನ ಯು ಅಂತ ಕರೆದು ಸಬ್‌ಸ್ಟಿಟ್ಯೂಟ್ ಮಾಡಿದ್ರೆ ಇನ್ವರ್ಸ್ ಸ್ಕ್ವೇರ್ ಫೋರ್ಸ್‌ಗೆ ಸೆಕೆಂಡ್ ಆರ್ಡರ್ ಲೀನಿಯರ್ ಈಕ್ವೇಷನ್ ಬರುತ್ತೆ, ಬಲಗಡೆ ಬರೀ ಕಾನ್ಸ್‌ಟಂಟ್. ಬಿಡಿಸಿದ್ರೆ ಕೋನಿಕ್. ನ್ಯೂಟನ್ 1687ರಲ್ಲಿ ಜಾಮೆಟ್ರಿಲಿ ಕಷ್ಟಪಟ್ಟು ಮಾಡಿದ್ದು, ನಿಮಗೆ ಒಂದು ಪುಟ.

ಪಿಯುಸಿ ಪುಸ್ತಕ ಒಂದಿಷ್ಟಾದ್ರೂ ತೆರೀಲೇಬೇಕು ಅನ್ಸಿದ್ರೆ ಫಸ್ಟ್ ಪಿಯುಸಿದು ಲಾಸ್ ಆಫ್ ಮೋಷನ್ ಚಾಪ್ಟರ್ ಮಾತ್ರ ತೆಗೀರಿ, ಅದ್ರಲ್ಲೂ ಸಾಲ್ವ್ಡ್ ಎಕ್ಸಾಂಪಲ್ಸ್, ಉತ್ತರ ಮುಚ್ಕೊಂಡು ಫಿಗರ್ ನೀವು ಹಾಕಿ ಆಮೇಲೆ ನೋಡಿ. ಪರೀಕ್ಷೆಲಿ ಜಿ 9.8 ಹಾಕ್ಬೇಕಾ 10 ಹಾಕ್ಬೇಕಾ ಅಂತ ಪೇಪರಲ್ಲಿ ಕೊಟ್ಟಿದ್ರೆ ಅದನ್ನೇ ಹಾಕಿ, ಸಿಂಪಲ್ ಹಾರ್ಮೋನಿಕ್ ಮೋಷನ್ ಲೆಕ್ಕಕ್ಕೆ ಕ್ಯಾಲ್ಕುಲೇಟರ್ ರೇಡಿಯನ್ನಲ್ಲಿ ಇರ್ಲಿ, ಏಣಿ ಲೆಕ್ಕಕ್ಕೆ ಬಂದಾಗ ವಾಪಸ್ ಡಿಗ್ರಿಗೆ ಹಾಕ್ಕೊಳ್ಳಿ. ಲೆಕ್ಕ ಪೂರ್ತಿ ಬರದಿದ್ರೂ ಫಿಗರು ಈಕ್ವೇಷನ್ನು ನೀಟಾಗಿ ಬರೆದು ಬನ್ನಿ, ಸ್ಟೆಪ್ ಮಾರ್ಕ್ಸ್ ಇರೋದು ಅಲ್ಲೇ.