ಪ್ರದರ್ಶನದ ಸುದ್ದಿಯ ಜೊತೆಗೇ ಸಹಕಲಾವಿದರಿಗೆ ನೆರವು ಕೇಳಬಹುದಾ? ಮಾರಾಟದ ಹಣದಲ್ಲಿ ಶೇಕಡಾ ಎಷ್ಟು ಅವರಿಗೆ ಅಂತ ಬರೆಯಲಿ?

ನಿಮ್ಮ ಪ್ರಶ್ನೆ ಓದಿ ಎದೆ ಧಸಕ್ಕೆಂದಿತು. ಮೊದಲ ಕೊಲಾಜ್ (ಕಾಗದದ ತುಂಡು ಕತ್ತರಿಸಿ ಅಂಟಿಸಿ ಮಾಡುವ ಚಿತ್ರ) ಪ್ರದರ್ಶನ, ಕಷ್ಟದಲ್ಲಿರುವ ಗೆಳೆಯರು, ಒಂದೇ ಆಹ್ವಾನದಲ್ಲಿ ಎರಡೂ ವಿಷಯ. ನಾನೂ ಥೇಟ್ ಇದನ್ನೇ ಮಾಡಿದ್ದೆ.

ನಾವು ಐದು ಜನ ಒಂದೇ ಸ್ಟುಡಿಯೋ ಹಂಚಿಕೊಂಡಿದ್ದೆವು. ನನ್ನ ಪ್ರದರ್ಶನಕ್ಕೆ ಮೂರು ವಾರ ಇರುವಾಗ ಒಂದು ರಾತ್ರಿ ಮಹಡಿಯ ಪೈಪ್ ಒಡೆದು ನೀರು ನುಗ್ಗಿತು. ಕಾಗದದ ಕೆಲಸದ ಮೇಲೆ ನೀರು ಬಿದ್ದರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಗೋಂದು ಬಿಡುತ್ತದೆ, ಶಾಯಿ ಹರಡುತ್ತದೆ, ಎರಡು ದಿನದೊಳಗೆ ಒಣಗಿಸದಿದ್ದರೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ನನ್ನ ಗೆಳತಿಯೊಬ್ಬಳು ಎರಡು ವರ್ಷ ಕತ್ತರಿಸಿ ಜೋಡಿಸಿದ್ದ ದೊಡ್ಡ ಹಾಳೆಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಎತ್ತಿದಳು. ಹಾಳೆ ಮಾತ್ರ ಕೈಗೆ ಬಂತು. ಅಂಟಿಸಿದ್ದ ತುಂಡುಗಳೆಲ್ಲ ನೆಲದ ಮೇಲೇ ಉಳಿದವು, ಅದೇ ಜಾಗದಲ್ಲಿ, ಅದೇ ಜೋಡಣೆಯಲ್ಲಿ. ನನ್ನದು ಒಂದೂ ಹಾಳಾಗಲಿಲ್ಲ. ಹಿಂದಿನ ದಿನವಷ್ಟೇ ಎಲ್ಲವನ್ನೂ ಫ್ರೇಮ್ ಹಾಕಲು ಕೊಟ್ಟಿದ್ದೆ.

ಮರುದಿನ ಸಂಜೆಯೇ ಕೂತು ಆಹ್ವಾನ ಬರೆದೆ. ಕೊನೆಯ ಸಾಲು ಹೀಗಿತ್ತು: "ಮಾರಾಟದ ಅರ್ಧ ಹಣ ನನ್ನ ನಾಲ್ವರು ಸಹಕಲಾವಿದರಿಗೆ."

ತಪ್ಪು ಆಗಿದ್ದು ಇಲ್ಲಿ, ಆ "ಅರ್ಧ" ಅನ್ನುವ ಮಾತಿನಲ್ಲಿ. ಯಾವುದರ ಅರ್ಧ? ಓದಿದವರಿಗೆ ಅದು ತಾವು ಕೊಡುವ ಬೆಲೆಯ ಅರ್ಧ. ನನ್ನ ತಲೆಯಲ್ಲಿದ್ದದ್ದು ಖರ್ಚು ಕಳೆದು ನನ್ನ ಕೈಗೆ ಬರುವುದರ ಅರ್ಧ. ಲೆಕ್ಕ ಬಿಡಿಸಿ ಹೇಳುತ್ತೇನೆ, ಬೇಜಾರಾದರೂ ಓದಿ. ಕೃತಿಯ ಬೆಲೆ 100 ಅಂತ ಇಟ್ಟುಕೊಳ್ಳಿ. ಗ್ಯಾಲರಿಯ ಕಮಿಷನ್ 50. ತುಂಬಾ ಗ್ಯಾಲರಿಗಳಲ್ಲಿ ಇದು ಮಾಮೂಲು. ಅವರನ್ನು ದೂರುತ್ತಿಲ್ಲ, ಗೋಡೆ ಅವರದು, ದೀಪ ಅವರದು, ಕೊಳ್ಳುವವರನ್ನು ಕರೆತರುವವರೂ ಅವರೇ. ಫ್ರೇಮು, ಗಾಜು, ಸಾಗಣೆ ಸೇರಿ ನನಗೆ 20 ಆಗಿತ್ತು. ಉಳಿದದ್ದು 30. ನನ್ನ ಲೆಕ್ಕದ ಅರ್ಧ ಅಂದರೆ 15. ಕೊಂಡವರು ಅಂದುಕೊಂಡ ಅರ್ಧ 50. ಈ 15ಕ್ಕೂ ಆ 50ಕ್ಕೂ ನಡುವೆ ಇರುವುದು ನಂಬಿಕೆ, ಬೇರೇನಲ್ಲ. 50 ಕೊಟ್ಟರೆ ನನಗೆ ಉಳಿಯುವುದು ಸೊನ್ನೆ, ಫ್ರೇಮಿನ ಸಾಲ ಮೈಮೇಲೆ.

ಉದ್ಘಾಟನೆಯ ದಿನ ವಯಸ್ಸಾದ ಒಬ್ಬರು ನೀಲಿ ಬಣ್ಣದ ದೊಡ್ಡ ಕೊಲಾಜ್ ಮುಂದೆ ತುಂಬಾ ಹೊತ್ತು ನಿಂತಿದ್ದರು. ಅವರು ನೋಡಿಟ್ಟಿದ್ದದ್ದು ಪಕ್ಕದ ಚಿಕ್ಕದನ್ನು. ಆಮೇಲೆ ನನ್ನ ಕೈ ಹಿಡಿದು, "ನಾನು ಕೊಟ್ಟಿದ್ರಲ್ಲಿ ಅರ್ಧ ಆ ಮಕ್ಕಳಿಗೆ ಹೋಗುತ್ತೆ ಅಲ್ವೇನಮ್ಮಾ? ಹಾಗಾದ್ರೆ ದೊಡ್ಡದೇ ಇರಲಿ" ಅಂದರು. ನಾನು ಹೌದಮ್ಮ ಅಂದೆ. ಆ ಹೌದು ಅಂದ ಮೇಲೆ ನನ್ನ ಲೆಕ್ಕಕ್ಕೆ ಬೆಲೆ ಎಲ್ಲಿದೆ? ಪೂರ್ತಿ ಅರ್ಧ ಕೊಡಲೇಬೇಕಿತ್ತು. ಕೊಟ್ಟೆ, ಆದರೆ ಕಂತು ಕಂತಾಗಿ, ಎಂಟು ತಿಂಗಳು ತೆಗೆದುಕೊಂಡೆ. ಆ ದುಡ್ಡು ಬರುತ್ತದೆ ಅಂತ ನಂಬಿ ಹೊಸ ಕಾಗದ ತರಿಸಿದ್ದ ಗೆಳೆಯ, "ಯಾವಾಗ ಆಗಬಹುದು?" ಅಂತ ಕೇಳಲು ಸಂಕೋಚಪಟ್ಟು ನನ್ನ ಮುಖ ನೋಡುವುದನ್ನೇ ಬಿಟ್ಟ. ನೀರಿನಲ್ಲಿ ಹೋದದ್ದಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಹಾಗಾಗಿ ಶೇಕಡಾ 10 ಇರಲಾ, 30 ಇರಲಾ ಅನ್ನುವ ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡುವುದಿಲ್ಲ. ಶೇಕಡಾ ಲೆಕ್ಕವನ್ನೇ ಬಿಡಿ. ಪಾಲು ಕೊಡಬೇಡಿ, ಕೃತಿ ಕೊಡಿ. ಇಂಥ ಐದು ಕೃತಿ ಅವರಿಗಾಗಿ, ಇದರ ಪೂರ್ತಿ ಹಣ ಅವರಿಗೆ, ಮಿಕ್ಕದ್ದೆಲ್ಲ ನನ್ನದು. ಕೊಳ್ಳುವವರಿಗೂ ಗೊಂದಲ ಇಲ್ಲ, ನಿಮಗೂ ಇಲ್ಲ.

ಇದು ನನ್ನ ಕಲ್ಪನೆ ಏನಲ್ಲ. 1963ರಲ್ಲಿ ನ್ಯೂಯಾರ್ಕ್‌ನಲ್ಲಿ ಸಂಗೀತ ಸಂಯೋಜಕ ಜಾನ್ ಕೇಜ್ ಮತ್ತು ಚಿತ್ರಕಾರ ಜಾಸ್ಪರ್ ಜಾನ್ಸ್ ಸೇರಿ ಕಲಾವಿದರ ನೆರವಿಗೆ ಒಂದು ಸಂಸ್ಥೆ ಶುರು ಮಾಡಿದಾಗ ಚಿತ್ರಕಾರರು ತಮ್ಮ ಕೃತಿಗಳನ್ನೇ ಕೊಟ್ಟರು. ಮಾರಿ ಬಂದ ಹಣ ನೃತ್ಯ, ಸಂಗೀತ ಮಾಡುವವರಿಗೆ ಹೋಯಿತು. ಬಟ್ಟೆ, ಪತ್ರಿಕೆ ತುಂಡು ಅಂಟಿಸಿ ದೊಡ್ಡ ಹೆಸರು ಮಾಡಿದ ರಾಬರ್ಟ್ ರೌಶನ್‌ಬರ್ಗ್ 1970ರಲ್ಲಿ, ತುರ್ತು ಕಷ್ಟಕ್ಕೆ ಸಿಲುಕಿದ ಕಲಾವಿದರಿಗೆಂದೇ ಒಂದು ನಿಧಿ ಕಟ್ಟಿದರು. ನಮ್ಮ ಕೊಲಾಜ್ ಬಳಗದವರೇ ಅಲ್ವಾ!

ಆ ಐದು ಕೃತಿಗೆ ಕಮಿಷನ್ ಬೇಡ ಅಂತ ಗ್ಯಾಲರಿಯವರನ್ನು ಮೊದಲೇ ಕೇಳಿ. ಒಪ್ಪಿದರೆ ಬರೆಸಿಕೊಳ್ಳಿ, ಬಾಯಿಮಾತು ಸಾಲದು. ಒಪ್ಪದಿದ್ದರೆ ಆ ಐದನ್ನು ಗ್ಯಾಲರಿಯ ಹೊರಗೇ ಮಾರಿ, ಆದರೆ ಅದೂ ಅವರಿಗೆ ಗೊತ್ತಿದ್ದೇ ಆಗಬೇಕು. ಅಂಗೈಯಗಲದವು ಸಾಕು. ಫ್ರೇಮ್ ಬೇಡ. ದಿನಪತ್ರಿಕೆಯ ತುಂಡು ಬಳಸಿದ್ದರೆ ಕೊಳ್ಳುವವರಿಗೆ ಹೇಳಿಬಿಡಿ, ಆ ಕಾಗದದಲ್ಲಿ ಲಿಗ್ನಿನ್ ಅನ್ನುವ ಮರದ ಅಂಶ ಇರುವುದರಿಂದ ಬೆಳಕಿಗೆ ಬೇಗ ಹಳದಿಯಾಗುತ್ತದೆ.

ಒಂದೇ ಆಹ್ವಾನ ಸಾಕಾ ಅಂದಿರಿ. ಬೇಡ, ಎರಡು ಮಾಡಿ. ಮೊದಲನೆಯದರಲ್ಲಿ ಪ್ರದರ್ಶನ ಮಾತ್ರ: ದಿನ, ಜಾಗ, ಒಂದು ಚಿತ್ರ. ಎರಡನ್ನೂ ಸೇರಿಸಿದರೆ ಜನ ನಿಮ್ಮ ಕೆಲಸವನ್ನು ಕನಿಕರದಿಂದ ನೋಡುತ್ತಾರೆ. ಅದು ನಿಮಗೂ ಅನ್ಯಾಯ, ಗೆಳೆಯರಿಗೂ ಅನ್ಯಾಯ. ಎರಡನೆಯದು ನೆರವಿನ ಆ ಐದು ಕೃತಿಗಳ ಬಗ್ಗೆ. ಅದನ್ನು ಕಳಿಸುವ ಮುಂಚೆ ಗೆಳೆಯರಿಗೆ ತೋರಿಸಿ. ಅವರ ಕಷ್ಟವನ್ನು ಎಷ್ಟು ಹೇಳಬೇಕು, ಹೆಸರು ಹಾಕಬೇಕಾ ಬೇಡವಾ ಅನ್ನುವುದನ್ನು ಅವರೇ ತೀರ್ಮಾನಿಸಲಿ. ನಾನು ಸುಮ್ನೆ ಕಳಿಸಿಬಿಟ್ಟಿದ್ದೆ.

ಎರಡನೇ ಪ್ರದರ್ಶನದಲ್ಲಿ ಹೀಗೇ ಐದು ಇಟ್ಟೆ. ಅದಕ್ಕೆ ಬಳಸಿದ ತುಂಡುಗಳನ್ನು ಕೊಟ್ಟವಳು ಆ ಗೆಳತಿಯೇ. ಅವತ್ತು ನೆಲದಿಂದ ಒಂದೊಂದಾಗಿ ಎತ್ತಿ, ಒಣಗಿಸಿ, ಲಕೋಟೆಯಲ್ಲಿ ಇಟ್ಟುಕೊಂಡಿದ್ದಳು. ಐದೂ ಮಾರಾಟವಾದವು, ಅದೇ ವಾರ ಹಣ ನೇರವಾಗಿ ಗೆಳೆಯರ ಕೈ ಸೇರಿತು.

ನಿಮ್ಮ ಪ್ರದರ್ಶನ ಮುಂದಿನ ತಿಂಗಳು ಅಲ್ವಾ? ಫ್ರೇಮಿಗೆ ಕೊಡುವ ಮುಂಚೆ ಆ ಐದನ್ನು ಬೇರೆ ಎತ್ತಿಡಿ.