ಆಸ್ಟಿ ಸ್ಪುಮಾಂಟೆಯನ್ನು ಎತ್ತಿಡಬೇಡಿ

ನಮಸ್ಕಾರ. ತಂಗಿ ಇಟಲಿಯಿಂದ ತಂದ ಆಸ್ಟಿ ಸ್ಪುಮಾಂಟೆ ಅನ್ನೋ ಸಿಹಿಯಾದ, ಗುಳ್ಳೆ ಬರುವ ವೈನಿನ ಬಾಟಲಿಯನ್ನು ನಾಲ್ಕೈದು ವರ್ಷ ಇಡಬಹುದಾ, ಅದಕ್ಕೆ ಸಕ್ಕರೆ ಬೆರೆಸಿರ್ತಾರಾ ಅಂತ ಕೇಳಿದ್ದೀರಿ. ದಯವಿಟ್ಟು ಇಡಬೇಡಿ. ಎಲ್ಲ ವೈನೂ ಹಳೆಯದಾದಷ್ಟೂ ರುಚಿ ಅನ್ನೋದು ಇದಕ್ಕೆ ಸಲ್ಲದು. ವಾಯವ್ಯ ಇಟಲಿಯ ಪೀಡ್‌ಮಾಂಟ್ ಗುಡ್ಡಗಳ ಮೊಸ್ಕಾಟೊ ಬಿಯಾಂಕೊ ದ್ರಾಕ್ಷಿಯ ಪರಿಮಳವೇ ಇದರ ಜೀವ. ಮೂಗಿನ ಹತ್ತಿರ ಹಿಡಿದರೆ ಕಿತ್ತಳೆ ಹೂವು, ಪೀಚ್ ಹಣ್ಣು, ಆಗಷ್ಟೇ ಕಚ್ಚಿದ ದ್ರಾಕ್ಷಿ. ವರ್ಷ ಕಳೆದಂತೆ ಮೊದಲು ಹೋಗುವುದೇ ಅದು.

ಇನ್ನು ಸಿಹಿ. ಅದು ಮುಖ್ಯವಾಗಿ ದ್ರಾಕ್ಷಿಯದ್ದೇ. ರಸವನ್ನು ಮುಚ್ಚಿದ ಉಕ್ಕಿನ ತೊಟ್ಟಿಯಲ್ಲಿ ಹುದುಗಿಸುತ್ತಾರೆ, ಗುಳ್ಳೆ ಅಲ್ಲೇ ಉಳಿಯುತ್ತದೆ. ಸಕ್ಕರೆ ಪೂರ್ತಿ ಆಲ್ಕೋಹಾಲ್ ಆಗುವ ಮೊದಲೇ ಚೆನ್ನಾಗಿ ತಣ್ಣಗೆ ಮಾಡಿ, ಯೀಸ್ಟನ್ನು ಸೋಸಿ ತೆಗೆಯುತ್ತಾರೆ. ಅದಕ್ಕೇ ಆಲ್ಕೋಹಾಲ್ ಸುಮಾರು ಶೇ. 7 ಮಾತ್ರ. ಅದೇ ದ್ರಾಕ್ಷಿಯ ಇನ್ನೊಂದು ವೈನ್ ಮೊಸ್ಕಾಟೊ ಡಾಸ್ಟಿಯಲ್ಲಿ ಇನ್ನೂ ಕಡಿಮೆ, ಸುಮಾರು ಶೇ. 5. ಗುಳ್ಳೆಯೂ ಮೆತ್ತಗೆ. ನನಗೆ ಅದೇ ಜಾಸ್ತಿ ಇಷ್ಟ.

6ರಿಂದ 8 ಡಿಗ್ರಿಗೆ ತಣ್ಣಗೆ ಮಾಡಿ. ಬಿರಡೆಗೆ ಕಟ್ಟಿದ ತಂತಿ ಬಿಚ್ಚುವಾಗ ಬಿರಡೆಯ ಮೇಲೆ ಹೆಬ್ಬೆರಳು ಇರಲಿ. ಬಿರಡೆಯನ್ನು ಗಟ್ಟಿಯಾಗಿ ಹಿಡಿದು ಬಾಟಲಿಯನ್ನೇ ನಿಧಾನವಾಗಿ ತಿರುಗಿಸಿ. ಊಟಕ್ಕಿಂತ ಸಿಹಿತಿಂಡಿ ಜೊತೆ ಚೆನ್ನ. ಅಲ್ಲಿಯವರು ಕ್ರಿಸ್‌ಮಸ್‌ಗೆ ಪ್ಯಾನೆಟ್ಟೋನೆ ಅನ್ನೋ ಸಿಹಿ ಬ್ರೆಡ್ ಜೊತೆ ಕುಡಿಯುತ್ತಾರೆ. ಹೇಝಲ್‌ನಟ್ ಕೇಕ್‌ಗೂ ಸೊಗಸಾಗಿ ಹೊಂದುತ್ತದೆ. ಚಾಕೊಲೇಟ್ ಮಾತ್ರ ಬೇಡ, ಪರಿಮಳವನ್ನು ಪೂರ್ತಿ ಮುಚ್ಚಿಬಿಡುತ್ತದೆ. ತೆರೆದ ಮೇಲೆ ಅವತ್ತೇ ಮುಗಿಸಿ, ನಾಲ್ಕು ಜನ ಇದ್ದರೆ ಒಂದು ಬಾಟಲಿ ಆರಾಮಾಗಿ ಖಾಲಿಯಾಗುತ್ತದೆ.